94 ಪರ್ಸೆಂಟ್ ಸಾಕಾಗಲ್ಲ ಮಾರಾಯ್ರೆ: ಕಾರ್ಬನ್‌ಡೇಲ್‌ನಲ್ಲಿ ಖಗ್ರಾಸ ಸೂರ್ಯಗ್ರಹಣ, 2024

ಏಪ್ರಿಲ್ 8ಕ್ಕೆ ಶಿಕಾಗೋದಲ್ಲಿ ನಮ್ಮನೆ ಬಾಲ್ಕನಿಯಲ್ಲಿ ಸುಮ್ನೆ ಕೂತಿದ್ರೂ ಸೂರ್ಯ 94 ಪರ್ಸೆಂಟ್ ಮುಚ್ಚೋದು ಕಾಣ್ತಿತ್ತು. ಅದಕ್ಕೇ ಆಫೀಸಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ಉಳಿದ 6 ಪರ್ಸೆಂಟ್‌ಗೋಸ್ಕರ ಅಷ್ಟು ದೂರ ಕಾರ್ ಓಡಿಸ್ಕೊಂಡು ಹೋಗ್ತೀಯಾ, ಬೇರೆ ಕೆಲಸ ಇಲ್ವಾ ಅಂತ. ಲೆಕ್ಕ ಹೇಳ್ತೀನಿ ಕೇಳಿ. ನಾವೆಲ್ಲಾ ಓಡೋಡಿ ಹೋಗೋದು ಕರೋನಾ ನೋಡೋಕೆ (ವೈರಸ್ ಅಲ್ಲ, ಸೂರ್ಯನ ಸುತ್ತ ಇರೋ ಪ್ರಭಾವಲಯ), ಅದು ಸೂರ್ಯನ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂಕು. ಸೂರ್ಯ 6 ಪರ್ಸೆಂಟ್ ಉಳಿದಿದ್ರೆ ಆ ಚೂರೇ ಕರೋನಾಗಿಂತ ಅರವತ್ತು ಸಾವಿರ ಪಟ್ಟು ಜಾಸ್ತಿ ಬೆಳಕು, 99 ಪರ್ಸೆಂಟ್ ಮುಚ್ಚಿದ್ರೂ ಹತ್ತು ಸಾವಿರ ಪಟ್ಟು ಜಾಸ್ತಿ. ಗ್ರಹಣದ ಕನ್ನಡಕ ಹಾಕ್ಕೊಂಡ್ರೆ ಕಚ್ಚಿದ ಬಿಂಬ ಕಾಣುತ್ತೆ, ತೆಗೆದ್ರೆ ಯಾವುದೋ ಮೋಡ ಕವಿದ ಮಧ್ಯಾಹ್ನ, ಅಷ್ಟೇ. ಗ್ರಹಣದಲ್ಲಿ ಹೆಚ್ಚುಕಡಿಮೆ ಅನ್ನೋ ಮಾತೇ ಇಲ್ಲ, ಚಂದ್ರನ ನೆರಳು ಭೂಮಿ ಮೇಲೆ ಹಾದುಹೋಗೋ ಪಟ್ಟಿ ಒಳಗಿದ್ರೆ ಒಳಗೆ, ಹೊರಗಿದ್ರೆ ಹೊರಗೆ.

ಈ ಸಲದ ಪಟ್ಟಿ ಮೆಕ್ಸಿಕೋದ ಮಜತ್ಲಾನ್ ಹತ್ರ ನೆಲಕ್ಕೆ ಬಂದು ಟೆಕ್ಸಸ್, ಅರ್ಕನ್ಸಾ, ದಕ್ಷಿಣ ಇಲಿನಾಯ್, ಇಂಡಿಯಾನಾ, ಒಹಾಯೋ ದಾಟಿ, ಬಫಲೋ ಮೇಲೆ ಹಾದು, ಮೇನ್ ರಾಜ್ಯ ಮುಗಿಸಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಸಮುದ್ರ ಸೇರ್ತು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಅಂದ್ರೆ ಮೆಕ್ಸಿಕೋದಲ್ಲಿ, 4 ನಿಮಿಷ 28 ಸೆಕೆಂಡ್. ಹಳೇ ಹವಾಮಾನದ ಲೆಕ್ಕ ತೆಗೆದು ನೋಡಿದೋರೆಲ್ಲಾ ಅಮೆರಿಕದೊಳಗೆ ಟೆಕ್ಸಸ್ಸೇ ಬೆಸ್ಟು, ಏಪ್ರಿಲ್‌ನಲ್ಲಿ ಉತ್ತರಕ್ಕೆ ಹೋದಷ್ಟೂ ಮೋಡ ಅಂದಿದ್ರು, ನಾನೂ ಟೆಕ್ಸಸ್‌ನ ಕರ್‌ವಿಲ್ ಹತ್ರ ಒಂದು ರೂಮ್ ಹಿಡಿದಿಟ್ಟಿದ್ದೆ, ಕೊನೇ ವಾರದವರೆಗೂ ಕ್ಯಾನ್ಸಲ್ ಮಾಡೋಕಾಗೋ ಥರದ್ದು. ಕೊನೇ ವಾರ ಏನಾಯ್ತು ಅಂದ್ರೆ ಫೋರ್‌ಕಾಸ್ಟ್ ಪೂರ್ತಿ ಉಲ್ಟಾ, ಟೆಕ್ಸಸ್ ಮೇಲೆ ಮೋಡ, ಮೋಡ ಇರಬೇಕಾದ ಉತ್ತರದ ವರ್ಮಾಂಟ್ ಮತ್ತೆ ನಮ್ಮ ದಕ್ಷಿಣ ಇಲಿನಾಯ್ ಕ್ಲಿಯರ್. ದಿನಕ್ಕೆ ನಾಲ್ಕು ಸಲ ಮೋಡದ ಮ್ಯಾಪ್ ರಿಫ್ರೆಶ್ ಮಾಡಿ ಮಾಡಿ ಶುಕ್ರವಾರ ರಾತ್ರಿ ರೂಮ್ ಕ್ಯಾನ್ಸಲ್ ಮಾಡ್ದೆ, ಫ್ಲೈಟ್ ದುಡ್ಡು ಹೋಯ್ತು, ಹೋಗ್ಲಿ ಬಿಡಿ. ಐ-57 ಹೆದ್ದಾರಿ ಹಿಡಿದು ಸೀದಾ ದಕ್ಷಿಣಕ್ಕೆ ಹೋದ್ರೆ ಮಾಮೂಲಿ ದಿನ ಐದು ಐದೂವರೆ ಗಂಟೆಯಲ್ಲಿ ದಕ್ಷಿಣ ಇಲಿನಾಯ್‌ನ ಕಾರ್ಬನ್‌ಡೇಲ್. ಅಲ್ಲಿ 4 ನಿಮಿಷ 9 ಸೆಕೆಂಡ್ ಕತ್ತಲು, ಮೆಕ್ಸಿಕೋಗಿಂತ ಹತ್ತೊಂಬತ್ತೇ ಸೆಕೆಂಡ್ ಕಮ್ಮಿ.

ಈ ಕಾರ್ಬನ್‌ಡೇಲ್ ಅನ್ನೋ ಊರಿನ ಅದೃಷ್ಟ ನೋಡಿ. ಭೂಮಿ ಮೇಲೆ ಯಾವುದೋ ಒಂದು ಜಾಗ ಇಟ್ಕೊಂಡ್ರೆ ಅಲ್ಲಿ ಖಗ್ರಾಸ ಗ್ರಹಣ ಬರೋದು ಸರಾಸರಿ 375 ವರ್ಷಕ್ಕೊಂದ್ಸಲ. ಇವರಿಗೆ 2017 ಆಗಸ್ಟ್ 21ಕ್ಕೆ ಒಂದು, ಏಳೇ ವರ್ಷಕ್ಕೆ ಇನ್ನೊಂದು, ಎರಡೂ ಪಟ್ಟಿ ಒಂದನ್ನೊಂದು ದಾಟೋದು ಇಲ್ಲೇ ಪಕ್ಕದ ಮಕಾಂಡಾ ಹಳ್ಳಿ ಹತ್ರ. 2017ರಲ್ಲಿ ಊರಿನ ಸ್ಟೇಡಿಯಂ ತುಂಬಾ ಜನ ಸೇರಿದ್ದಾಗ ಸರಿಯಾಗಿ ಆ ಹೊತ್ತಿಗೇ ಮೋಡ ಬಂದಿತ್ತು, ಆ ಬಾಕಿ ಈ ಸಲ ತೀರಿತು ಅನ್ಸುತ್ತೆ.

ಈಗ ನಮ್ಮ ಅಪ್ಪ ಅವ್ವನ ವಿಷಯಕ್ಕೆ ಬರ್ತೀನಿ. ಇಬ್ರೂ ಮಾರ್ಚಲ್ಲಿ ಹುಬ್ಬಳ್ಳಿಯಿಂದ ಬಂದಿದ್ರು. ಇಂಥಾ ದಿನ ಇಂಥಾ ಕಡೆ ಹೋಗೋಣ ಅಂದಾಗ ಅವ್ವನ ಮುಖ ನೋಡಬೇಕಿತ್ತು. "ಅಲ್ಲೋ, ಗ್ರಹಣದಾಗ ಯಾರರ ಹೊರಗ ಹೋಗ್ತಾರೇನು? ನೀ ನೋಡಿದ್ರ ಗ್ರಹಣಾನ ಹುಡುಕ್ಕೊಂಡು ಹೊಂಟೀ." ನನ್ನ ಹೆಂಡತಿ ಮೈಸೂರಿನವಳು, "ಅತ್ತೆ, ನೀವು ಬರ್ಲಿಲ್ಲಾಂದ್ರೆ ನಾನೂ ಹೋಗಲ್ಲ" ಅಂತ ಒಂದು ಬಾಣ ಬಿಟ್ಟಳು. ನಾನು ಇನ್ನೊಂದು ಬಿಟ್ಟೆ, 1980ರದ್ದು.

1980 ಫೆಬ್ರವರಿ 16, ಶನಿವಾರ ಮಧ್ಯಾಹ್ನ, ಖಗ್ರಾಸ ಗ್ರಹಣ ಹುಬ್ಬಳ್ಳಿ ತಲೆ ಮೇಲೇ ಹಾದು ಹೋಗಿತ್ತು. ಕಾರವಾರ ಅಂಕೋಲಾ ಕಡೆಯಿಂದ ಒಳಗೆ ಬಂದು, ಹುಬ್ಬಳ್ಳಿ, ಗದಗ, ರಾಯಚೂರು, ಆಮೇಲೆ ಆಂಧ್ರ ಒರಿಸ್ಸಾ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನೋರು ಕ್ಯಾಂಪ್ ಹಾಕಿ ಟೆಲಿಸ್ಕೋಪ್ ಹೂಡಿದ್ರು. ನಮ್ಮವರು? ಬಾಗಿಲು ಕಿಟಕಿ ಎಲ್ಲಾ ಬಡಿದುಕೊಂಡು ಒಳಗೆ. ಅಣ್ಣ ಆಗ ಅವ್ವನ ಹೊಟ್ಟೆಯಲ್ಲಿದ್ದ, ಅದಕ್ಕೆ ಅವ್ವನ್ನ ನಡುಮನೆಯಿಂದ ಅಲ್ಲಾಡೋಕೂ ಬಿಡ್ಲಿಲ್ಲ ಅಂತೆ, ಈಳಿಗೆ ಮುಟ್ಟಬೇಡ, ಸೂಜಿ ಮುಟ್ಟಬೇಡ, ಮಲಗಬೇಡ, ಕೂಡು. ಅಪ್ಪ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳದೇ ಇದ್ದ ವಿಷಯ ಆವತ್ತು ಊಟ ಮಾಡ್ತಾ ಹೇಳಿದ್ರು, "ನಾ ಕಿಡಕಿ ಸಂದ್ಯಾಗಿಂದ ನೋಡಿದ್ನಿ. ಮ್ಯಾಲ ಅಲ್ಲ, ಅಂಗಳ ಅಷ್ಟ. ಮೂರೂವರಿ ಮ್ಯಾಲ ಆಗಿತ್ತು, ಸಂಜೀ ಆದಂಗ ಆತು, ಹಕ್ಕಿ ಎಲ್ಲಾ ಬೇವಿನ ಗಿಡಕ್ಕ ಬಂದು ಕುಂತ್ವು." ಸ್ವಲ್ಪ ಹೊತ್ತು ಬಿಟ್ಟು, "ಎರಡು ಹೆಜ್ಜಿ ಹೊರಗ ಬಂದಿದ್ರ ಆಗ್ತಿತ್ತು" ಅಂದ್ರು. ಅಷ್ಟೇ, ಅವ್ವ ಮರುದಿನ ಶೇಂಗಾ ಚಟ್ನಿ ಕುಟ್ಟೋಕೆ ಶುರು ಮಾಡಿದಳು, ಅಂದ್ರೆ ಬರ್ತಾಳೆ ಅಂತ ಅರ್ಥ.

ಫೋಟೋ ತೆಗಿಯೋ ವಿಷಯ. ಗ್ರಹಣದ ಬಗ್ಗೆ ಬರೆಯೋರೆಲ್ಲಾ ಕೊನೆಗೆ ಹೇಳೋ ಒಂದು ಬುದ್ಧಿಮಾತಿದೆ, ಕ್ಯಾಮೆರಾ ಮುಟ್ಟಬೇಡಿ, ಸುಮ್ನೆ ನೋಡಿ, ನಾಸಾದವರು ನಿಮಗಿಂತ ಚೆನ್ನಾಗಿ ತೆಗೀತಾರೆ ಅಂತ. ನಾನು ಒಪ್ಪಲ್ಲ. ಮದುವೆ ಫೋಟೋ ಪ್ರೊಫೆಷನಲ್ ತೆಗೆದಿದ್ರೂ ನಾವು ನಮ್ಮ ಫೋನಲ್ಲಿ ತೆಗೆಯಲ್ವಾ. ತೆಗೀರಿ, ಆದ್ರೆ ಬಟನ್ ಒತ್ತೋ ಕೆಲಸ ಮೆಷಿನ್‌ಗೆ ಬಿಡಿ. ಸಮಸ್ಯೆ ಕ್ಯಾಮೆರಾದ್ದಲ್ಲ, ಕತ್ತಲಾದ್ಮೇಲೆ ಶಟರ್ ಸ್ಪೀಡ್ ತಿರುಗಿಸ್ತಾ ಕೂರೋದು.

ನನ್ನ ಸೆಟಪ್ ಹೇಳ್ಬಿಡ್ತೀನಿ, ಕೇಳಿದೋರು ಸುಮಾರು ಜನ ಇದ್ದಾರೆ. ಸೋನಿ ಫುಲ್ ಫ್ರೇಮ್ ಬಾಡಿ, 200-600 ಮಿಲಿಮೀಟರ್ ಫೋಕಲ್ ಲೆಂತ್ ಇರೋ ಲೆನ್ಸು, 600ಕ್ಕೆ ಇಟ್ಟು ಝೂಮ್ ರಿಂಗ್‌ಗೂ ಫೋಕಸ್ ರಿಂಗ್‌ಗೂ ಟೇಪ್. ಸೆನ್ಸರ್ ಮೇಲೆ ಸೂರ್ಯ ಎಷ್ಟು ದೊಡ್ಡದಾಗಿ ಬೀಳ್ತಾನೆ ಅಂತ ತಿಳ್ಕೊಳೋಕೆ ಫೋಕಲ್ ಲೆಂತ್‌ನ 109ರಿಂದ ಭಾಗಿಸಿ, 600ಕ್ಕೆ ಐದೂವರೆ ಮಿಲಿಮೀಟರ್. ಸೆನ್ಸರ್ ಎತ್ತರ 24 ಮಿಲಿಮೀಟರ್, ಆದ್ರಿಂದ ಕರೋನಾ ನಾಲ್ಕೂ ಕಡೆ ಚಾಚಿಕೊಳ್ಳೋಕೆ ಜಾಗ ಉಳಿಯುತ್ತೆ, ಇನ್ನೂ ದೊಡ್ಡ ಲೆನ್ಸ್ ತಗೊಂಡು ಕರೋನಾ ಕತ್ತರಿಸ್ಕೋಬೇಡಿ. ಮುಂದೆ ಸೋಲಾರ್ ಫಿಲ್ಮ್, ಲಕ್ಷದಲ್ಲಿ ಒಂದು ಭಾಗ ಬೆಳಕು ಮಾತ್ರ ಬಿಡೋದು, ಅದನ್ನ ರಟ್ಟಿನ ಡಬ್ಬಿಗೆ ಅಂಟಿಸಿ ಟೋಪಿ ಥರ ಎಳೆದರೆ ಬರೋ ಹಾಗೆ ಮಾಡಿದ್ದೆ, ಸ್ಕ್ರೂ ಇರೋ ಫಿಲ್ಟರ್ ಆದ್ರೆ ಆ ಹೊತ್ತಲ್ಲಿ ಕೈ ನಡುಗುತ್ತೆ, ಬಿಚ್ಚೋಕಾಗಲ್ಲ. ಕೆಳಗೆ ಸ್ಟಾರ್ ಟ್ರ್ಯಾಕರ್, ಸೂರ್ಯನ ಹಿಂದೆ ಅದೇ ತಿರುಗ್ತಾ ಹೋಗುತ್ತೆ. ಖಗ್ರಾಸಕ್ಕೆ ಐಎಸ್‌ಒ 200, ಎಫ್/8, ಬ್ರ್ಯಾಕೆಟಿಂಗ್ (ಬೇರೆ ಬೇರೆ ಶಟರ್ ಸ್ಪೀಡಲ್ಲಿ ಸಾಲಾಗಿ ತೆಗೆಯೋದು) ಐದು ಫ್ರೇಮು, ಮೂರು ಮೂರು ಸ್ಟಾಪ್ ಅಂತರ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು): 1/2000, 1/250, 1/30, 1/4, 2 ಸೆಕೆಂಡ್. ಮೊದಲನೇದ್ರಲ್ಲಿ ಸೂರ್ಯನ ಅಂಚಿನ ಗುಲಾಬಿ ಜ್ವಾಲೆ, ಕೊನೇದ್ರಲ್ಲಿ ದೂರದ ಕರೋನಾ, ಮಧ್ಯದ್ದೆಲ್ಲಾ ಮಧ್ಯಕ್ಕೆ. ಯಾಕಿಷ್ಟು ಅಂದ್ರೆ ಕರೋನಾದ ಒಳಗಿನ ಭಾಗ ಹೊರಗಿನ ಭಾಗಕ್ಕಿಂತ ಸಾವಿರಾರು ಪಟ್ಟು ಪ್ರಕಾಶ, ಒಂದೇ ಎಕ್ಸ್‌ಪೋಶರ್‌ನಲ್ಲಿ ಎರಡೂ ಚೆನ್ನಾಗಿ ಬರೋದು ಕಷ್ಟ, ಕಣ್ಣಿಗೆ ಮಾತ್ರ ಎರಡೂ ಒಟ್ಟಿಗೆ ಕಾಣುತ್ತೆ. ಇಂಟರ್ವಲ್ ರಿಮೋಟ್ 8 ಸೆಕೆಂಡಿಗೊಂದ್ಸಲ ಒತ್ತೋ ಹಾಗೆ ಇಟ್ಟೆ. ಇನ್ನೊಂದು ಸಣ್ಣ ಟ್ರೈಪಾಡ್ ಮೇಲೆ ಹಳೇ ಫೋನು, ವೈಡ್ ಆಂಗಲ್ ವಿಡಿಯೋ, ನಮ್ಮ ಕಡೆ ತಿರುಗಿಸಿ.

ಭಾನುವಾರ ಮಧ್ಯಾಹ್ನವೇ ಹೊರಟು ರಾತ್ರಿ ದಾರಿಯಲ್ಲಿ ಒಂದು ಮೋಟೆಲ್‌ನಲ್ಲಿ ಇದ್ವಿ (ಅವತ್ತಿನ ರೇಟು ಹೇಳಿದ್ರೆ ಅಪ್ಪ ಈಗ್ಲೂ ಬೈತಾರೆ, ಅವರಿಗೆ ಅರ್ಧ ಹೇಳಿದ್ದೀನಿ). ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲಾ ಕಾರ್ಬನ್‌ಡೇಲ್ ಹೊರಗೆ ಒಬ್ಬ ರೈತರ ಹೊಲದಲ್ಲಿ ದುಡ್ಡು ಕೊಟ್ಟು ಜಾಗ ಹಿಡಿದ್ವಿ. ಹುಲ್ಲುಗಾವಲು, ಒಂದು ಕಡೆ ಕೆರೆ ಅನ್ನೋಕಾಗದ ಸಣ್ಣ ಹೊಂಡ, ಬೇಲಿ ಸಾಲಿನಲ್ಲಿ ಎಲೆ ಇಲ್ಲದ ಗಿಡಗಳ ಮಧ್ಯೆ ನೇರಳೆ ಗುಲಾಬಿ ಹೂವಿನ ರೆಡ್‌ಬಡ್ ಮರ. ಮೂವತ್ತು ನಲವತ್ತು ಕಾರು, ಮಿನೆಸೋಟಾ, ವಿಸ್ಕಾನ್ಸಿನ್, ಮಿಶಿಗನ್ ನಂಬರ್ ಪ್ಲೇಟು. ಮೇಲೆ ತೆಳ್ಳಗೆ ಹತ್ತಿ ಎಳೆದ ಹಾಗಿರೋ ಎತ್ತರದ ಮೋಡ ಬಿಟ್ರೆ ಆಕಾಶ ಕ್ಲೀನ್.

12:43ಕ್ಕೆ ಚಂದ್ರ ಮುಟ್ಟಿದ. ಮುಂದಿನ ಒಂದು ಗಂಟೆ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ನಿಧಾನಕ್ಕೆ ಕಚ್ಚುತ್ತೆ, ಜನ ಸ್ಯಾಂಡ್‌ವಿಚ್ ತಿಂತಾರೆ. ಆದ್ರೆ ಬೂಂದಿ ಝಾರಾ ವಿಷಯ ಹೇಳ್ಲೇಬೇಕು. ತೂತಿರೋದು ಏನಾದ್ರೂ ತಗೋಳಿ ಅಂತ ಹೇಳಿದ್ದಕ್ಕೆ ಅವ್ವ ಅಡುಗೆಮನೆಯಿಂದ ಬೂಂದಿ ಝಾರಾ ಬ್ಯಾಗಿಗೆ ಹಾಕ್ಕೊಂಡಿದ್ದಳು. ಬಿಸಿಲಿಗೆ ಹಿಡಿದು ನೆರಳನ್ನ ಬಿಳಿ ಬೆಡ್‌ಶೀಟ್ ಮೇಲೆ ಬೀಳಿಸಿದ್ರೆ ಒಂದೊಂದು ತೂತೂ ಒಂದೊಂದು ಸೂರ್ಯ, ನೂರಾರು ಕುಡುಗೋಲು ಆಕಾರ, ಎಲ್ಲವೂ ಒಂದೇ ದಿಕ್ಕಿಗೆ. ಝಾರಾ ಮೇಲೆತ್ತಿದ್ರೆ ದೊಡ್ಡದಾಗುತ್ತೆ ಮಸುಕಾಗುತ್ತೆ, ಇಳಿಸಿದ್ರೆ ತೂತಿನ ಆಕಾರಾನೇ ಬರುತ್ತೆ, ಎರಡಡಿ ಎತ್ತರಕ್ಕೆ ಸರಿಯಾಗಿ ಕೂರುತ್ತೆ. ವಿಸ್ಕಾನ್ಸಿನ್ ಕಾರಿನ ಮಕ್ಕಳೆಲ್ಲಾ ಬಂದು ಅವ್ವನ ಸುತ್ತ ಕೂತ್ಬಿಟ್ಟರು, ಅವಳಿಗೆ ಇಂಗ್ಲಿಷ್ ಬರಲ್ಲ, ಅವಕ್ಕೆ ಕನ್ನಡ ಬರಲ್ಲ, "ಏ ಸರೀರೋ, ನೆಳ್ಳು ಬೀಳಾಕತ್ತೈತಿ" ಅಂದ್ರೆ ಸರಿಯಾಗಿ ಸರೀತಿದ್ವು.

ಕೊನೇ ಹತ್ತು ನಿಮಿಷ ಇದೆಯಲ್ಲ, ಅಲ್ಲಿಂದ ಬೇರೇನೇ. ಬೆಳಕು ಕಮ್ಮಿಯಾಗುತ್ತೆ ಆದ್ರೆ ಸಂಜೆಯ ಥರ ಹಳದಿ ಕೆಂಪು ಆಗಲ್ಲ, ಬಣ್ಣಾನೇ ಇಳಿದುಹೋಗುತ್ತೆ, ಹುಲ್ಲು ಬೂದಿ ಹಸಿರು. ನೆರಳಿನ ಅಂಚು ಚೂಪಾಗಿ ನನ್ನ ಕೈ ಮೇಲಿನ ಕೂದಲಿನ ನೆರಳು ಒಂದೊಂದೂ ಕಾಣ್ತಿತ್ತು. ಸಡನ್ನಾಗಿ ಚಳಿ, ಹೆಂಡತಿ ಕಾರಿಂದ ಶಾಲು ತಂದಳು. ಹೊಂಡದಲ್ಲಿ ಸಣ್ಣ ಕಪ್ಪೆಗಳು ಶುರು ಹಚ್ಕೊಂಡವು, ಒಂದು, ಆಮೇಲೆ ಎಲ್ಲವೂ. ಸೂರ್ಯನ ಬಲಕ್ಕೆ ಕೆಳಗೆ ಶುಕ್ರ ಕಾಣಿಸ್ತು, ಇನ್ನೂ ಹಗಲೇ ಇದೆ. ನೈಋತ್ಯದ ಕಡೆ ಆಕಾಶ ಮಳೆ ಬರೋ ಹಾಗೆ ಕಪ್ಪಾಗ್ತಾ ಬಂತು, ಮಳೆಯಲ್ಲ, ಗಂಟೆಗೆ ಎರಡೂವರೆ ಸಾವಿರ ಕಿಲೋಮೀಟರ್‌ಗಿಂತ ಜೋರಾಗಿ ಬರ್ತಿರೋ ಚಂದ್ರನ ನೆರಳು. ಟೈಮರ್ ಆ್ಯಪ್ ಇಪ್ಪತ್ತು ಸೆಕೆಂಡ್ ಅಂತು, ಫಿಲ್ಟರ್ ಟೋಪಿ ಎಳೆದೆ, ರಿಮೋಟ್ ಆನ್, ಎದ್ದು ನಿಂತೆ.

1:59. ಅಂಚಲ್ಲಿ ಉಳಿದ ಬೆಳಕು ಒಂದೇ ಬಿಂದುವಾಗಿ ಉರೀತು, ವಜ್ರದುಂಗುರ ಅಂತಾರಲ್ಲ ಅದು, ಆ ಬಿಂದು ಒಡೆದು ಮಣಿ ಮಣಿ ಆಯ್ತು (ಚಂದ್ರನ ಕಣಿವೆಗಳ ಸಂದಿಯಿಂದ ಬರೋ ಬೆಳಕು ಅದು, ಬೈಲಿ ಮಣಿಗಳು), ಆರಿತು. ಕನ್ನಡಕ ತೆಗೀರಿ ತೆಗೀರಿ ಅಂತ ಕೂಗಿದೆ. ಮೇಲೆ ಕಪ್ಪು ವೃತ್ತ, ಎಂಥಾ ಕಪ್ಪು ಅಂದ್ರೆ ಸುತ್ತಲಿನ ಆಕಾಶ ಕಡು ನೀಲಿ ಇದ್ರೂ ಅದು ಅದಕ್ಕಿಂತ ಕಪ್ಪು, ಸುತ್ತ ಬಿಳಿ ಕರೋನಾ. ಫೋಟೋದಲ್ಲಿ ಅದು ಹೊಗೆ ಥರ ಕಾಣುತ್ತೆ, ಕಣ್ಣಿಗೆ ಹೊಗೆ ಅಲ್ಲ, ಎಳೆ ಎಳೆ, ಅಲ್ಲಾಡದೇ ನಿಂತಿರೋ ಎಳೆಗಳು. 2017ರ ಫೋಟೋಗಳಲ್ಲಿ ಅದು ಎರಡೂ ಪಕ್ಕಕ್ಕೆ ರೆಕ್ಕೆ ಚಾಚಿದ ಹಾಗಿತ್ತು, ಆಗ ಸೂರ್ಯ ತನ್ನ 11 ವರ್ಷದ ಚಟುವಟಿಕೆಯ ಸೈಕಲ್‌ನಲ್ಲಿ ಸುಮ್ಮನಾಗ್ತಾ ಇದ್ದ ಟೈಮು. ಈ ಸಲ ಆ ಚಟುವಟಿಕೆಯ ಶಿಖರದಲ್ಲಿದ್ದ, ಅದಕ್ಕೇ ಸುತ್ತಲೂ ಎಲ್ಲಾ ಕಡೆ ಮುಳ್ಳು ಮುಳ್ಳು. ಎಡಕ್ಕೆ ಮೇಲೆ ಗುರು. ಗುರು ಹತ್ರ 12ಪಿ ಪಾನ್ಸ್-ಬ್ರೂಕ್ಸ್ ಧೂಮಕೇತು ಇದೆ ಅಂತ ಗೊತ್ತಿತ್ತು, ಹುಡುಕೋಕೆ ಯಾರಿಗೆ ಟೈಮಿದೆ. ಸುತ್ತ ಕ್ಷಿತಿಜದ ಎಂಟು ದಿಕ್ಕಿಗೂ ಕಿತ್ತಳೆ ಬಣ್ಣ. ಪಕ್ಕದ ಹೊಲದಲ್ಲಿ ಯಾವನೋ ಪಟಾಕಿ ಹಚ್ಚಿದ, ಅವನಿಗೆ ಒಳ್ಳೇದಾಗಲಿ, ನಾಲ್ಕು ನಿಮಿಷ ತಡ್ಕೊಳೋಕಾಗಲ್ವಾ.

ಕಪ್ಪು ಬಿಂಬದ ಕೆಳಗಿನ ಅಂಚಿನಲ್ಲಿ ಗುಲಾಬಿ ಚುಕ್ಕೆ, ಬರಿಗಣ್ಣಿಗೇ. ಮೊದಲು ನೋಡಿದ್ದು ಅವ್ವ, ನಾನಲ್ಲ. "ಕೆಳಗ ನೋಡೋ, ಕುಂಕುಮ ಇಟ್ಟಂಗ ಐತಿ." ಅದು ಸೂರ್ಯನಿಂದ ಎದ್ದ ಜ್ವಾಲೆ, ಪ್ರಾಮಿನೆನ್ಸ್ ಅಂತಾರೆ, ಭೂಮಿಗಿಂತ ದೊಡ್ಡದು, ಹೈಡ್ರೋಜನ್ ಆ ಬಣ್ಣ ಕೊಡೋದು. ಅಪ್ಪ ಏನೂ ಮಾತಾಡ್ಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ನಿಂತಿದ್ರು, ಎರಡು ಮೂರು ಸಲ ಹಿಂದೆ ತಿರುಗಿ ನೆಲ, ಮರ, ಕಾರು ಎಲ್ಲಾ ನೋಡಿ ಮತ್ತೆ ಮೇಲೆ ನೋಡ್ತಿದ್ರು.

ಇಲ್ಲೊಂದು ಮಾತು. ಆ ಗುಲಾಬಿ ಜ್ವಾಲೆ ಏನು ಅಂತ ಗೊತ್ತಾಗಿದ್ದಕ್ಕೂ ನಮ್ಮ ಕಡೆಗೂ ಸಂಬಂಧ ಇದೆ. 1868 ಆಗಸ್ಟ್ 18ರ ಗ್ರಹಣ ಬಿಜಾಪುರ ಸೀಮೆ ಮೇಲೆ ಹಾದು ಗುಂಟೂರು ಕಡೆ ಹೋಗಿತ್ತು. ಅದನ್ನ ನೋಡೋಕೆ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅನ್ನೋನು ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನ ಅದರ ಬಣ್ಣಗಳಾಗಿ ಬಿಡಿಸಿ ತೋರಿಸೋ ಉಪಕರಣ) ಇಟ್ಕೊಂಡು ಕೂತಿದ್ದ, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ, ಇಲ್ಲಿ ಸರ್ವೇ ಕೆಲಸದಲ್ಲಿದ್ದ. ಮೋಡ ಅಡ್ಡ ಬರ್ತಾ ಹೋಗ್ತಾ ಇತ್ತಂತೆ, ಸಿಕ್ಕ ಸಂದಿಯಲ್ಲೇ ಆ ಜ್ವಾಲೆಗಳ ಬೆಳಕು ಬಿಡಿ ಬಿಡಿ ಹೊಳೆಯೋ ಗೆರೆಗಳಾಗಿ ಒಡೆಯೋದನ್ನ ನೋಡಿದ, ಅಂದ್ರೆ ಅದು ಕಾದ ಅನಿಲ. ಅದೇ ದಿನ ಗುಂಟೂರಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸೆನ್ ಕೂಡ ಆ ಗೆರೆಗಳನ್ನ ನೋಡಿ, ಗ್ರಹಣ ಇಲ್ಲದಾಗಲೂ ನೋಡೋ ದಾರಿ ಕಂಡ್ಕೊಂಡ. ಆ ಗೆರೆಗಳಲ್ಲಿದ್ದ ಹಳದಿ ಗೆರೆಯ ಬೆನ್ನು ಹತ್ತಿದ್ದರಿಂದಲೇ ಮುಂದೆ ಹೀಲಿಯಂ ಗೊತ್ತಾಗಿದ್ದು. ಜಮಖಂಡಿಯಲ್ಲಿ ಒಂದು ಬೋರ್ಡಾದ್ರೂ ಇದೆಯಾ? ಅಪ್ಪ ಹುಟ್ಟಿದ್ದೇ ಆ ಕಡೆ, ಅವರಿಗೇ ಗೊತ್ತಿರ್ಲಿಲ್ಲ, ನಾನು ವಾಪಸ್ ಬರ್ತಾ ಕಾರಲ್ಲಿ ಹೇಳಿದಾಗ ನಂಬಲೇ ಇಲ್ಲ.

ನಾಲ್ಕು ನಿಮಿಷ ಎಷ್ಟು ಬೇಗ ಹೋಯ್ತು ಅಂತ ಬರೆಯಲ್ಲ, ಎಲ್ಲರೂ ಬರೀತಾರೆ. ಇನ್ನೊಂದು ಅಂಚಲ್ಲಿ ಮತ್ತೆ ಬೆಳಕು ಚಿಮ್ಮಿತು, ಫಿಲ್ಟರ್ ಹಾಕ್ದೆ, ಜನ ಚಪ್ಪಾಳೆ, ಕೋಳಿಯೊಂದು ಎಲ್ಲೋ ಕೂಗ್ತು. ಅರ್ಧ ಗಂಟೆಯಲ್ಲಿ ಹೊಲ ಖಾಲಿ. ನಾವು ಮಾತ್ರ ಹೊರಡೋ ಹಾಗಿರ್ಲಿಲ್ಲ, ಮೋಕ್ಷ 3:18ಕ್ಕೆ, ಅಲ್ಲೀವರೆಗೂ ಅವ್ವ ಬುತ್ತಿ ಬಿಚ್ಚಲ್ಲ. ಬೆಳಿಗ್ಗೆಯಿಂದ ಉಪವಾಸ, ಚಪಾತಿ ಡಬ್ಬಿ ಒಳಗೂ ಮೊಸರನ್ನದ ಡಬ್ಬಿ ಒಳಗೂ ದರ್ಬೆ, ಶಿಕಾಗೋದಲ್ಲಿ ದರ್ಬೆ ಎಲ್ಲಿ ಸಿಕ್ತು ಅಂತ ಕೇಳ್ಬೇಡಿ, ಊರಿಂದಲೇ ತಂದಿದ್ದಳು. ಗ್ರಹಣ ಕಣ್ಣಾರೆ ನೋಡಿದ್ದಕ್ಕೂ ದರ್ಬೆಗೂ ಅವಳ ತಲೆಯಲ್ಲಿ ಏನೂ ಜಗಳ ಇಲ್ಲ, ನನಗೂ ಇರಬೇಕು ಅನ್ಸಲಿಲ್ಲ. ಮೋಕ್ಷ ಆಯ್ತು, ಬಾಟಲಿ ನೀರು ತಲೆ ಮೇಲೆ ಪ್ರೋಕ್ಷಣೆ, ಆಮೇಲೆ ಊಟ, ಶೇಂಗಾ ಚಟ್ನಿ ಮಿಶಿಗನ್‌ನವರಿಗೂ ಹೋಯ್ತು.

ವಾಪಸ್ ದಾರಿ ನರಕ. ಐ-57 ಉದ್ದಕ್ಕೂ ಕೆಂಪು ಬ್ರೇಕ್ ಲೈಟ್, ಗ್ಯಾಸ್ ಸ್ಟೇಷನ್‌ನಲ್ಲಿ ಬಾತ್‌ರೂಮ್‌ಗೆ ಬಿಲ್ಡಿಂಗ್ ಸುತ್ತ ಕ್ಯೂ, ಮನೆ ಮುಟ್ಟಿದಾಗ ನಡುರಾತ್ರಿ ದಾಟಿತ್ತು, ಅಷ್ಟೊತ್ತಿಗೆ ಅವ್ವ ಸ್ನಾನ ಮಾಡ್ದಳು. ರಜೆ ಇದ್ರೆ ಆ ರಾತ್ರಿ ಅಲ್ಲೇ ಉಳ್ಕೊಳ್ಳಿ.

ಫೋಟೋ ಹೇಗೆ ಬಂತು ಅಂದ್ರೆ, ಚೆನ್ನಾಗಿ ಬಂತು. 1/2000ರಲ್ಲಿ ಆ ಕುಂಕುಮದ ಚುಕ್ಕೆ ಝೂಮ್ ಮಾಡಿದ್ರೆ ಕಮಾನಿನ ಆಕಾರ ಕಾಣುತ್ತೆ. 2 ಸೆಕೆಂಡಿನ ಫ್ರೇಮಲ್ಲಿ ಕಪ್ಪು ಬಿಂಬದ ಒಳಗೆ ಚಂದ್ರನ ಮೇಲಿನ ಕಲೆಗಳೇ ಕಾಣ್ತವೆ, ಅದು ಭೂಮಿಯಿಂದ ಹೋಗಿ ಚಂದ್ರನಿಗೆ ತಾಗಿ ವಾಪಸ್ ಬಂದ ಬೆಳಕು. ಐದನ್ನೂ ಸೇರಿಸಿ ಒಂದು ಮಾಡಿದ್ದೀನಿ. ಆದ್ರೆ ನೆಟ್‌ನಲ್ಲಿ ಓಡಾಡ್ತಿರೋ ಕೂದಲು ಕೆದರಿದ ಹಾಗಿರೋ ಕರೋನಾ ಫೋಟೋಗಳಿವೆಯಲ್ಲ, ಶಾರ್ಪನ್ ಮಾಡಿ ಮಾಡಿ ಕೊಂದಿರೋವು, ಅಷ್ಟಕ್ಕೆ ಹೋಗ್ಲಿಲ್ಲ, ಯಾರ ಕಣ್ಣಿಗೂ ಹಾಗೆ ಕಾಣಲ್ಲ. ನಿಜ ಹೇಳ್ಬೇಕಂದ್ರೆ ನಾನು ಜಾಸ್ತಿ ಸಲ ಹಾಕಿ ನೋಡ್ತಿರೋದು ಹಳೇ ಫೋನಿನ ವಿಡಿಯೋ. ಚಿತ್ರ ಏನೂ ಸರಿ ಇಲ್ಲ, ಕತ್ತಲು, ಆದ್ರೆ ಆಡಿಯೋ ಪೂರ್ತಿ ಇದೆ: ಕಪ್ಪೆ, ಪಟಾಕಿ, ನನ್ನ ಕೂಗಾಟ, ಹೆಂಡತಿ "ಅಯ್ಯೋ ಅಯ್ಯೋ" ಅಂತಿರೋದು. ಮುಂದೆ ಯಾರೇ ಹೋದ್ರೂ ಲೆನ್ಸ್ ಬಾಡಿಗೆಗೆ ಸಿಗ್ಲಿಲ್ಲಾಂದ್ರೂ ಪರವಾಗಿಲ್ಲ, ಒಂದು ಫೋನ್ ರೆಕಾರ್ಡಿಂಗ್‌ಗೆ ಇಟ್ಬಿಡಿ.

ಮುಂದಿನದು ಯಾವಾಗ ಅಂತ ಕೇಳ್ತಿರೋರಿಗೆ: 2026 ಆಗಸ್ಟ್ 12 ಐಸ್‌ಲ್ಯಾಂಡ್ ಮತ್ತೆ ಸ್ಪೇನ್, ಸ್ಪೇನಲ್ಲಿ ಸೂರ್ಯ ಮುಳುಗೋ ಹೊತ್ತು, ತುಂಬಾ ಕೆಳಗಿರ್ತಾನೆ, ಗುಡ್ಡ ಅಡ್ಡ ಬರದ ಜಾಗ ಹುಡುಕ್ಬೇಕು. 2027 ಆಗಸ್ಟ್ 2 ಈಜಿಪ್ಟಿನ ಲಕ್ಸರ್ ಸುತ್ತ, ಆರು ನಿಮಿಷದ ಮೇಲೆ ಕತ್ತಲು, ಮೋಡದ ಚಿಂತೆ ಹತ್ತಿರಕ್ಕೂ ಬರಲ್ಲ. ಭಾರತದಲ್ಲೇ ಬೇಕು ಅಂದ್ರೆ 2034 ಮಾರ್ಚ್ 20, ಕಾರ್ಗಿಲ್ ಲಡಾಖ್ ಕಡೆ. ಅದಕ್ಕಿಂತ ಮುಂಚೆ 2031 ಮೇ 21ಕ್ಕೆ ಕೇರಳ ತಮಿಳುನಾಡಲ್ಲಿ ಕಂಕಣ ಗ್ರಹಣ ಇದೆ, ಚೆನ್ನಾಗೇ ಇರುತ್ತೆ, ಆದ್ರೆ ಅದ್ರಲ್ಲೂ ಉಂಗುರದಷ್ಟು ಸೂರ್ಯ ಉಳೀತಾನೆ, ಮೇಲಿನ ಲೆಕ್ಕ ನೆನಪಿದೆಯಲ್ಲ, ಕರೋನಾ ಕಾಣಲ್ಲ. ನಮ್ಮದು ಲಕ್ಸರ್ ಅಂತ ಫಿಕ್ಸು. ಅಣ್ಣ ಹುಬ್ಬಳ್ಳಿಯಿಂದ ಫೋನ್ ಮಾಡಿ 1980ರಾಗ ನಾನೂ ಒಳಗಿದ್ನಿ, ನನ್ನೂ ಕರಕೊಂಡು ಹೋಗು ಅಂತ ಗಂಟು ಬಿದ್ದಿದ್ದಾನೆ, ಅವ್ವ ಬರ್ತೀನಿ ಅಂತಾಳೆ, ಅಪ್ಪ ಮಾತ್ರ ಆಗಸ್ಟಲ್ಲಿ ಅಲ್ಲಿ 40 ಡಿಗ್ರಿ ಮೇಲೆ ಅಂತ ಕೇಳಿ ಇನ್ನೂ ಹೂಂ ಅಂದಿಲ್ಲ. ಈಜಿಪ್ಟ್ ಕಸ್ಟಮ್ಸ್‌ನಲ್ಲಿ ದೊಡ್ಡ ಲೆನ್ಸು ಟ್ರ್ಯಾಕರ್ ತಗೊಂಡು ಹೋದೋರು ಯಾರಾದ್ರೂ ಇದ್ರೆ ಹೇಗಿತ್ತು ಅಂತ ತಿಳಿಸಿ, ರೂಮ್ ಮಾತ್ರ ಈಗಿಂದಲೇ ಹುಡುಕ್ತಾ ಇದ್ದೀನಿ.